ಗಂಜಿ ಹಾಕಿದ ತಾಮ್ರದ ಕೋಟು

ಮೊನ್ನೆ ಗಾಂಧಿಬಜಾರಿನ ಇಸ್ತ್ರಿ ಅಂಗಡಿಯ ಮುಂದೆ ಹಾದುಹೋಗುವಾಗ ಗಂಜಿ ಹಾಕಿದ ಬಟ್ಟೆ ಬಿಸಿಯಾಗುವ ವಾಸನೆ ಬಂತು. ವರ್ಷಗಳೆಷ್ಟೋ ಕಳೆದರೂ ಆ ವಾಸನೆಗೆ ನನ್ನ ಕೈ ತಣ್ಣಗಾಗುತ್ತದೆ...

ಎಂಬತ್ತರ ದಶಕದ ಆರಂಭ. ಬಸವನಗುಡಿ ಕಡೆಯ ಒಂದು ಕಾಲೇಜಿನ ಲ್ಯಾಬಿನಲ್ಲಿ ನಾನು ಸಹಾಯಕಿಯಾಗಿದ್ದೆ. ನಮ್ಮ ಮೇಷ್ಟ್ರು ಅಲ್ಲಿ ಸಿಡಿಲು ತಡೆಯುವ ಬಟ್ಟೆಯ ಪರೀಕ್ಷೆ ನಡೆಸುತ್ತಿದ್ದರು. ನಗರ್ತಪೇಟೆಯಲ್ಲಿ ಹತ್ತಿಯ ಜೊತೆ ತಾಮ್ರದ ಎಳೆ ಸೇರಿಸಿ ನೇಯಿಸಿ, ಒಂದು ಕೋಟು, ಕುತ್ತಿಗೆವರೆಗೆ ಇಳಿಯುವ ಒಂದು ಟೋಪಿ ಹೊಲಿಸಿದ್ದರು. ಸಿಡಿಲು ಬಟ್ಟೆಯ ಮೇಲೇ ಹರಿದು ನೆಲಕ್ಕಿಳಿಯಬೇಕು, ಒಳಗಿನ ಮೈ ಮುಟ್ಟಬಾರದು. ಅದೇ ಅವರ ಹಟ. ಯಂತ್ರದಿಂದ ಕೃತಕ ಸಿಡಿಲು ಬಿಡುವ ಗುಂಡಿ ಒತ್ತುವುದು ನನ್ನ ಕೆಲಸ. ಮೊದಲೇ ಪುಕ್ಕಲಿ ನಾನು! ಕಣ್ಣು ಮುಚ್ಚಿಕೊಂಡೇ ಒತ್ತುತ್ತಿದ್ದೆ.

ಹುಲ್ಲು ತುಂಬಿದ ಗೊಂಬೆಗೆ ಕೋಟು ತೊಡಿಸಿ ಎಷ್ಟೋ ಸಲ ಪರೀಕ್ಷಿಸಿದೆವು. ಗೊಂಬೆಗೆ ಏನೂ ಆಗಲಿಲ್ಲ. ಒಂದು ಸಂಜೆ ಮೇಷ್ಟ್ರು ಕೋಟನ್ನು ಮನೆಗೆ ಒಯ್ದರು. ಎರಡು ದಿನ ಬಿಟ್ಟು ತಂದವರು, ತಾವೇ ತೊಟ್ಟುಕೊಂಡು ಯಂತ್ರದ ಕೆಳಗೆ ನಿಂತುಬಿಟ್ಟರು!

"ಒತ್ತಮ್ಮ."

"ಸರ್, ತಮಾಷೆ ಮಾಡ್ಬೇಡಿ."

"ನಾನೇ ಹಾಕ್ಕೊಳ್ದಿದ್ರೆ ಬೇರೆಯವ್ರು ಯಾಕೆ ಹಾಕ್ಕೊಳ್ತಾರೆ? ಒತ್ತು."

ನಾನು ಗುಂಡಿಯಿಂದ ಕೈ ಹಿಂದೆಳೆದುಕೊಂಡೆ. ಅವರು ಟೋಪಿ ಸರಿಪಡಿಸಿಕೊಂಡಾಗ ಬಟ್ಟೆ ಪರಪರ ಎಂದಿತು. ಮೆತ್ತಗಿದ್ದ ಕೋಟು ರಟ್ಟಿನಂತೆ ಸೆಟೆದು ನಿಂತಿತ್ತು.

"ಸರ್, ಇದಕ್ಕೆ ಗಂಜಿ ಹಾಕಿದಾರೆ!"

"ಹ್ಞೂಂ, ನಮ್ಮನೆಯವಳು ಒಗೆದು ಇಸ್ತ್ರಿ ಮಾಡ್ಕೊಟ್ಟಿದಾಳೆ. ಅದಕ್ಕೇನೀಗ?"

ನಾನು ಒತ್ತಲಿಲ್ಲ. ಅತ್ತೇಬಿಟ್ಟೆ. ಗಂಜಿ ಹಾಕಿದ ಮೇಲೆ ಪರೀಕ್ಷಿಸಿಲ್ಲ, ಒಂದೇ ಒಂದು ಸಲ ಗೊಂಬೆಗೆ ಹಾಕಿ ನೋಡೋಣ ಎಂದು ಅಂಗಲಾಚಿದೆ. ಗೊಣಗುತ್ತಲೇ ಬಿಚ್ಚಿ ಗೊಂಬೆಗೆ ತೊಡಿಸಿದರು. ಗುಂಡಿ ಒತ್ತಿದೆ. ಕಿವಿ ಕಿತ್ತುಹೋಗುವಂಥ ಸದ್ದು... ಟೋಪಿಯೂ ಕೋಟೂ ಕೂಡುವ ಕಡೆ ತಾಮ್ರಕ್ಕೆ ತಾಮ್ರ ತಾಕದಂತೆ ಗಂಜಿಯ ಪದರ ಅಡ್ಡ ನಿಂತು, ಕಿಡಿ ಒಳಕ್ಕೇ ಹಾರಿತ್ತು. ಗೊಂಬೆಯ ಕುತ್ತಿಗೆ ಹೊತ್ತಿ ಉರಿಯುತ್ತಿತ್ತು.

ಮೇಷ್ಟ್ರು ತಮ್ಮ ಕುತ್ತಿಗೆ ಮುಟ್ಟಿಕೊಂಡು ಸ್ಟೂಲಿನ ಮೇಲೆ ಕುಸಿದು ಕೂತರು. ಆಮೇಲೆ, "ಮನೇಲಿ ಹೇಳ್ಬೇಡಮ್ಮ. ಪಾಪ, ನೋಡೋಕೆ ಚೆನ್ನಾಗಿರ್ಲಿ ಅಂತ ಮಾಡಿದಾಳೆ" ಎಂದರು.

ನಾನು ಹೇಳಲಿಲ್ಲ. ಅವರು ಆ ಕೋಟನ್ನು ಮತ್ತೆ ತೊಡಲೂ ಇಲ್ಲ. ಆದರೆ ಎಲ್ಲೇ ಸಿಕ್ಕರೂ ಮೆಲ್ಲಗೆ, "ನಿದ್ದೆ ಬರುತ್ತೇನಮ್ಮ?" ಎಂದು ಕೇಳುತ್ತಿದ್ದರು... "ಬರುತ್ತೆ ಸರ್" ಎನ್ನುತ್ತಿದ್ದೆ. ಅದು ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು.

ಕಳೆದ ವರ್ಷ ಮೇಷ್ಟ್ರು ತೀರಿಕೊಂಡರು. ವಯಸ್ಸಾಗಿ, ತಮ್ಮ ಹಾಸಿಗೆಯಲ್ಲೇ. ಅವರ ಹೆಂಡತಿಯ ಪಕ್ಕ ಕೂತು, ಕೋಟಿನ ಮಾತೆತ್ತದೆ ಸಮಾಧಾನ ಹೇಳಿ ಬಂದೆ. ಆ ಭಯ ಗೊತ್ತಿದ್ದವರು ಇಬ್ಬರೇ. ಈಗ ನಾನೊಬ್ಬಳೇ.