ಆಕಾಶ ನೋಡಿದ ಗಾಡಿ

ನಾನು ಚಿಕ್ಕವನಿದ್ದಾಗ ಬೆಳಿಗ್ಗೆ ನನ್ನನ್ನು ಎಬ್ಬಿಸುತ್ತಿದ್ದುದು ಅಪ್ಪ ಮರ ಕೆತ್ತುವ ಬಾಚಿಯ ಸದ್ದು. ಟಕ್, ಟಕ್, ಟಕ್. ಶಿಗ್ಗಾಂವದಲ್ಲಿ ನಮ್ಮದು ಚಕ್ಕಡಿ ಮಾಡುವ ಮನೆ. ಅಪ್ಪ, ಅವನ ಅಪ್ಪ, ಅವನ ಅಪ್ಪ, ಎಲ್ಲರೂ ಅದೇ ಅಂಗಳದಲ್ಲಿ ಎತ್ತಿನ ಗಾಡಿ ಕಟ್ಟಿದವರು. ಹತ್ತಿ ಹೇರಿ, ಕಲ್ಲು ಹೇರಿ, ಎರೆಮಣ್ಣಿನ ಕೆಸರಿನಲ್ಲಿ ಗಾಲಿಯ ನಡುವಿನ ಗುಂಬದವರೆಗೆ ಹೂತರೂ ನಮ್ಮ ಗಾಡಿ ಮುರಿಯುತ್ತಿರಲಿಲ್ಲ. ಹಾನಗಲ್ಲ, ಹಿರೇಕೆರೂರು ಕಡೆಯ ರೈತರೂ ಹುಡುಕಿಕೊಂಡು ಬರುತ್ತಿದ್ದರು.

ಆದರೆ ಓಡುವ ಗಾಡಿಯ ಮಾತೇ ಬೇರೆ. ಸುಗ್ಗಿ ಮುಗಿದ ಮೇಲೆ ಬಂಕಾಪುರದ ಬಯಲಿನಲ್ಲಿ ಖಾಲಿ ಗಾಡಿಯ ಶರ್ಯತ್ತು ನಡೆಯುತ್ತಿತ್ತು. ನಮ್ಮ ಸೀಮೆಗೆಲ್ಲ ಅದಕ್ಕಿಂತ ದೊಡ್ಡ ಶರ್ಯತ್ತು ಇರಲಿಲ್ಲ. ಅಲ್ಲಿ ಗೆಲ್ಲುತ್ತಿದ್ದುದು ಸವಣೂರಿನಲ್ಲಿ ಕಟ್ಟಿದ ಗಾಡಿಗಳೇ. ಒಂದು ವರ್ಷ ನಮ್ಮೂರ ಗೌಡರು ಗಾಳಿಯಂತೆ ಓಡುವ ಎರಡು ಬಿಳಿ ಹೋರಿ ತಂದರು. ನೇರ ನಮ್ಮ ಅಂಗಳಕ್ಕೆ ಬಂದು ಕುಳಿತರು.

“ಮೇಸ್ತ್ರಿ, ಈ ಸಲ ಗಾಡಿ ನೀವು ಕಟ್ರಿ. ಗೆದ್ರ ಇನ್ನ ಮುಂದ ಓಡೂ ಗಾಡಿ ಎಲ್ಲಾ ನಿಮ್ಮ ಅಂಗಳದಾಗ. ಸೋತ್ರ ನಾ ಸವಣೂರ ಹಾದಿ ಹಿಡೀತೇನಿ ನೋಡ್ರಿ.”

ಅಪ್ಪ ಎದ್ದು ಮರದ ರಾಶಿಯ ಹತ್ತಿರ ಹೋದ. ಒಂದು ಒಳ್ಳೆಯ ಜಾಲಿ ದಿಮ್ಮಿಯನ್ನು ಬೆರಳಿನಿಂದ ಬಡಿದು ಸದ್ದು ಕೇಳಿದ. ಅಷ್ಟೇ, ಕೆಲಸ ಶುರುವಾಯಿತು!

ಅಪ್ಪ ಗಾಲಿಯ ಅರಗಳನ್ನು ತೆಳ್ಳಗೆ ಕೆತ್ತಿದ. ಎತ್ತುಗಳ ನಡುವೆ ಚಾಚುವ ಉದ್ದನೆಯ ಮರವಿರುತ್ತದಲ್ಲ, ಮೂಕಿ, ಅದನ್ನಂತೂ ಕೊಳಲಿನಷ್ಟು ಸಪೂರ ಮಾಡಿದ. ಅಂಗಳದ ತುಂಬ ಮರದ ಹೊಟ್ಟು, ಕಾದ ಕಬ್ಬಿಣದ ವಾಸನೆ. ಗಾಲಿಗೆ ಕೆಂಪಗೆ ಕಾದ ಹಳಿ ಏರಿಸಿ ನೀರು ಸುರಿದಾಗ ಚುಂಯ್ ಎಂದು ಹಬೆ ಎದ್ದು ಅಕ್ಕನ ಮುಖವೇ ಕಾಣದಾಯಿತು. ಅಕ್ಕ ನನಗಿಂತ ದೊಡ್ಡವಳು, ಬಾಯಿ ಅದಕ್ಕಿಂತ ದೊಡ್ಡದು. “ಅಪ್ಪಾ, ಇದು ಗಾಡಿನೋ ಗುಬ್ಬಿನೋ?” ಎಂದಳು.

ನಮ್ಮ ಮನೆಯಲ್ಲಿ ಒಂದು ಪದ್ಧತಿಯಿತ್ತು. ಹೊಸ ಗಾಡಿ ಬರಿದಾಗಿ ಅಂಗಳ ದಾಟಬಾರದು. ಅದರೊಳಗೆ, ಮುಂಭಾಗದಲ್ಲಿ, ಒಂದು ಜೋಳದ ಚೀಲ ಇಡಲೇಬೇಕು. ಓಡುವ ಗಾಡಿಗೂ ಅಪ್ಪ ಚೀಲ ಇಟ್ಟ. ಚೀಲದ ಸಮೇತವೇ ಹೊಲದಲ್ಲಿ ದಿನವೂ ಓಡಿಸಿ ನೋಡಿದೆವು. ಅಬ್ಬಾ, ಏನು ಓಟ! ಗೌಡರು ಮೀಸೆ ತಿರುವಿದರು.

ಶರ್ಯತ್ತಿನ ದಿನ ಬಂತು. ನನಗೆ ಎಲ್ಲವನ್ನೂ ಬರೆದಿಡುವ ಚಟ, ಅದಕ್ಕೆ ಶಾಲೆಯ ಪಾಟಿ ಹಿಡಿದುಕೊಂಡೇ ಹೋದೆ. ನಮ್ಮ ಓಣಿಯ ಹುಡುಗರೆಲ್ಲ ನಡೆದುಕೊಂಡು ಬಂದಿದ್ದರು. ಹಲಗೆ ವಾದ್ಯದ ಬಡಿತಕ್ಕೆ ಎದೆ ನಡುಗುತ್ತಿತ್ತು. ಕೋಟೆಯ ಕಡೆಯಿಂದ ನವಿಲುಗಳು ಕೂಗುತ್ತಿದ್ದವು. ಧೂಳು, ಬೆವರು, ಹುರಿದ ಶೇಂಗಾದ ವಾಸನೆ! ಬಯಲಿನುದ್ದಕ್ಕೂ ಬಾವುಟ ನೆಟ್ಟಿದ್ದರು. ಒಂದು ಸೀಟಿಯಿಂದ ಇನ್ನೊಂದು ಸೀಟಿಯವರೆಗೆ ಯಾರು ಹೆಚ್ಚು ಬಾವುಟ ದಾಟುತ್ತಾರೋ ಅವರು ಗೆದ್ದಂತೆ. ಸವಣೂರಿನ ಗಾಡಿ ಹಾರಿಹೋಯಿತು. ಪಾಟಿಯ ಮೇಲೆ ಬಾವುಟಕ್ಕೊಂದು ಗೆರೆ ಎಳೆಯುತ್ತ ಎಳೆಯುತ್ತ ನನ್ನ ಬಳಪವೇ ಮುರಿಯಿತು.

ನಮ್ಮ ಸರದಿ ಬಂತು. ತೀರ್ಪು ಕೊಡುವ ಪಂಚರು ಕೂಗಿದರು, “ಚೀಲ ಇಳಸ್ರಿ, ಇದು ಖಾಲಿ ಗಾಡಿ ಶರ್ಯತ್ತು!” ಅಪ್ಪ ಚೀಲ ಇಳಿಸಿದ. ಗೌಡರು ಹಿಂಬದಿಯಲ್ಲಿ ನಿಂತು ಹಗ್ಗ ಹಿಡಿದರು. ಸೀಟಿ!

ಹೋರಿಗಳು ಚಿಮ್ಮಿದವು. ಒಂದು ಬಾವುಟ ದಾಟಿತು. “ಹೋಯ್! ಹೋಯ್!” ಎಂದು ನಾವು ಕುಣಿದೆವು. ಎರಡನೆಯದೂ ದಾಟಿತು. ಅಷ್ಟರಲ್ಲಿ ಗಾಡಿಯ ಹಿಂಭಾಗ ಕುಸಿದು, ಮೂಕಿ ಮೇಲಕ್ಕೆದ್ದಿತು. ನೊಗ ಎದ್ದು ಕೊರಳ ಹಗ್ಗ ಬಿಗಿಯಿತು. ಪಾಪ, ಹೋರಿಗಳು ಉಸಿರು ಸಿಗದೆ ಗಕ್ಕನೆ ನಿಂತವು.

“ಏ ಶಿಗ್ಗಾಂವದವರ, ನಿಮ್ಮ ಗಾಡಿ ಆಕಾಶ ನೋಡಾಕತ್ತೈತಿ! ಮಳಿ ಯಾವಾಗ ಅಂತ ಕೇಳ್ರಿ ಅದಕ್ಕ!” ಎಂದು ಯಾರೋ ಕೂಗಿದರು. ಬಯಲೆಲ್ಲ ನಕ್ಕಿತು.

ಅಪ್ಪ ಓಡಿಹೋಗಿ ಮೊದಲು ಹೋರಿಗಳ ಕೊರಳ ಹಗ್ಗ ಸಡಿಲಿಸಿದ. ಗೌಡರ ಮುಖ ಕೆಂಪಾಗಿತ್ತು. “ಹೋರಿ ಮನೀಗೆ ಮುಟ್ಟಸ್ರಿ ಮೇಸ್ತ್ರಿ,” ಎಂದಷ್ಟೇ ಹೇಳಿ ಗೆಳೆಯರ ಗಾಡಿ ಹತ್ತಿ ಹೋಗಿಬಿಟ್ಟರು. ನಮ್ಮ ಹೆಸರಿನ ಮುಂದೆ ಎರಡೇ ಗೆರೆ. ಎಲ್ಲರಿಗಿಂತ ಕಡಿಮೆ.

ಹೋರಿಗಳಿಗೆ ನೀರು ಕುಡಿಸಿ ನೆರಳಿನಲ್ಲಿ ಸುಧಾರಿಸಿಕೊಂಡು, ಹೊತ್ತು ಇಳಿದ ಮೇಲೆ ಹೊರಟೆವು. ನಡೆದು ದಣಿದಿದ್ದ ಓಣಿಯ ಹುಡುಗರನ್ನು ನೋಡಿ ಅಕ್ಕ, “ಹತ್ರೋ, ಸೋತ ಗಾಡಿಗೆ ಪಂಚರಿಲ್ಲ!” ಎಂದು ಕರೆದಳು. ಎಲ್ಲರೂ ಮುಂಭಾಗಕ್ಕೇ ಮುಗಿಬಿದ್ದರು. ಮೂಕಿ ನಿಧಾನವಾಗಿ ತಗ್ಗಿತು. ಅಪ್ಪ ದಿಟ್ಟಿಸಿದ. “ಇಳೀರಿ,” ಎಂದ. ಇಳಿದೆವು. ಮೂಕಿ ಎದ್ದಿತು. “ಹತ್ತರಿ.” ಹತ್ತಿದೆವು. ತಗ್ಗಿತು.

ಅಪ್ಪ ಹಣೆ ಬಡಿದುಕೊಂಡ. “ಬರೇ ಗಾಡಿ ಒಂದ ಸಲಾನೂ ಓಡಿಸಿ ನೋಡಲಿಲ್ಲಲ್ಲೋ! ಮೂಕಿ ಹಗೂರ ಆಗೈತಿ, ಚೀಲದ ಭಾರ ಆ ತಪ್ಪು ಮುಚ್ಚಿ ಇಟ್ಟಿತ್ತು!” ಹೇಳುತ್ತಲೇ ನಕ್ಕ. ಕಣ್ಣಲ್ಲಿ ಮಾತ್ರ ನೀರಿತ್ತು.

“ಅಪ್ಪಾ, ಮುಂದಿನ ಸಲ ನಮ್ಮನ್ನ ಹೇರ್ಕೊಂಡ ಹೋಗಪಾ,” ಎಂದಳು ಅಕ್ಕ.

ಅಪ್ಪ ಹಗ್ಗ ಸಡಿಲ ಬಿಟ್ಟ. ಹೋರಿಗಳು ಹಾರಿದವು! ಎರಡನೆಯ ಮಹಾಯುದ್ಧದ ಕಾಲ, ಪೆಟ್ರೋಲು ಸಿಗದೆ ರಸ್ತೆಯಲ್ಲಿ ಒಂದೂ ಮೋಟಾರು ಇರಲಿಲ್ಲ. ಹುಣಸೆ ಮರಗಳು ಹಿಂದಕ್ಕೆ ಓಡಿದವು. ಗಾಲಿಯ ಸದ್ದಿಗೆ ಹಲ್ಲು ಕಟಕಟ ಎಂದವು. ಊರ ಹತ್ತಿರ, ನಡುವೆ ಊಟಕ್ಕೆ ನಿಂತು ತಡವಾಗಿದ್ದ ಗೌಡರು ಕುಳಿತ ಗಾಡಿಯನ್ನೇ ಹಿಂದೆ ಹಾಕಿದೆವು. “ಗೌಡ್ರ, ಜಾಗಾ ಐತ್ರಿ, ಬರ್ತೀರೇನ್ರಿ?” ಎಂದು ಅಕ್ಕ ಕೂಗಿದಳು. ಗೌಡರು ನಗು ತಡೆಯಲಾರದೆ ಮುಖ ತಿರುಗಿಸಿದರು.

ನಕ್ಕರೂ ಮಾತು ಮಾತೇ. ಮುಂದಿನ ವರ್ಷ ಅವರು ಸವಣೂರಿನ ಗಾಡಿ ತಂದರು. ಅಪ್ಪ ಮತ್ತೆ ಓಡುವ ಗಾಡಿ ಕಟ್ಟಲಿಲ್ಲ.

ಮಕ್ಕಳೇ, ಮೊನ್ನೆ ನೀವು ಟಿವಿಯಲ್ಲಿ ಕಾರು ರೇಸು ನೋಡುತ್ತಿದ್ದಿರಿ. ಎಷ್ಟೋ ಕಾಲದಿಂದ ಕಾರು ಮಾಡಿ ಹೆಸರಾದ ಕಂಪನಿಯಂತೆ, ಅದರ ರೇಸಿನ ಕಾರು ಹೊಗೆಯುಗುಳಿ ನಡುವೆಯೇ ನಿಂತಿತು. “ಇಷ್ಟು ದೊಡ್ಡವರು ಹೇಗೆ ಸೋತರು ಅಜ್ಜಾ?” ಎಂದು ಕೇಳಿದಿರಿ. ನನಗೆ ಅಪ್ಪನ ಮುಖ ನೆನಪಾಯಿತು. ನಿಮ್ಮ ಆ ಕಾರಿನಲ್ಲಿ ಇರುವುದು ಒಂದೇ ಸೀಟು. ಸೋತ ಮೇಲೆ ಅದಕ್ಕೆ ಬಟ್ಟೆ ಹೊದಿಸಿ ಲಾರಿಯ ಮೇಲೆ ಒಯ್ದರು. ನಾವಂತೂ ಸೋತ ಗಾಡಿಯಲ್ಲೇ, ಒಬ್ಬರ ಮೇಲೊಬ್ಬರು ಕುಳಿತು, ಕೇಕೆ ಹಾಕುತ್ತ ಮನೆಗೆ ಬಂದೆವು.