ಓಪಲಜ್ಜಿಯ ಗರಾಜು

ಟೆಕ್ಸಸ್ಸಿನ ಮಾರ್ಷಲ್‌ನಲ್ಲಿ, ತಾವೇನೂ ತಯಾರಿಸದೆ ಪೇಟೆಂಟಿನ ಕಾಗದವೊಂದನ್ನೇ ಹಿಡಿದು ಕಂಡಕಂಡ ಸಾಫ್ಟ್‌ವೇರ್ ಕಂಪನಿಗಳ ಮೇಲೆ ದಾವೆ ಹೂಡುವವರ ನಿದ್ದೆ ಕೆಡಿಸಿದವಳು ಓಪಲಜ್ಜಿ. ಅವಳ ಗರಾಜಿನಲ್ಲಿ ಕಾರಿಗೆ ಜಾಗವಿಲ್ಲ. ನಲವತ್ತು ವರ್ಷದ ಕಂಪ್ಯೂಟರ್ ಪತ್ರಿಕೆಗಳು ಅಲ್ಲಿ ಸಂಸಾರ ನಡೆಸಿವೆ. ಪೇಟೆಂಟಿಗೂ ಮುಂಚೆಯೇ ಎಲ್ಲಾದರೂ ಅಚ್ಚಾಗಿದ್ದ ಉಪಾಯವೆಂದು ತೋರಿಸಿದರೆ ಆ ಪೇಟೆಂಟು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಯಾರು ಏನು ಹೊಸದು ಹೇಳಿದರೂ “ಅದು ಆವಾಗ್ಲೇ ಇತ್ತು ಕಣೋ” ಎನ್ನುವುದು ಅವಳ ಚಾಳಿ. ಉಪದೇಶ ಮುಗಿಸಿದ ಪಾದ್ರಿಗೂ “ತೊಂಬತ್ತೊಂದರ ಈಸ್ಟರಿಗೂ ಇದನ್ನೇ ಹೇಳಿದ್ರಲ್ಲ!” ಎಂದವಳು, ಮೊಮ್ಮಗಳ ಹೊಸ ಗೆಳೆಯನನ್ನು ಕಂಡು “ಇಂಥವನೊಬ್ಬ ಆವಾಗ್ಲೇ ಬಂದು ಹೋದ್ನಲ್ಲೇ” ಎಂದವಳು. ಹೋದ ವಾರ ಹನ್ನೊಂದು ಜನರ ಪುಟ್ಟ ಕಂಪನಿಯ ಡ್ವೇನ್ ಬಂದು ಗೋಳಾಡಿದ: “ಓದಿದ್ದು ಎಲ್ಲಿಗೆ ನಿಂತಿತು ಅಂತ ಕಂಪ್ಯೂಟರ್ ನೆನಪಿಡೋದು ಅವರ ಪೇಟೆಂಟಂತೆ ಅಜ್ಜಿ, ಕೋರ್ಟಿಗೆ ಎಳೆದಿದಾರೆ. ಸೋತ್ರೆ ನಾವು ಬಾಗಿಲು ಹಾಕ್ಬೇಕು. ರಾಜಿ ಮಾಡ್ಕೊಳ್ಲಾ?” “ಮಾಡ್ಕೋ, ಆಮೇಲೆ ನನ್ನ ಪೀಕನ್ ಪೈ ತಿನ್ನೋಕೆ ಬರ್ಬೇಡ” ಎಂದು ಗದರಿದ ಅಜ್ಜಿ, ಎಂಬತ್ತಾರನೇ ಇಸವಿಯ ಕಂಪ್ಯೂಟರ್ ಕ್ಲಬ್ಬಿನ ಪತ್ರಿಕೆಯೊಂದನ್ನು ಎಳೆದು ಅವನ ಕೈಗಿಟ್ಟಳು. ಅದೇ ಉಪಾಯ ಅದರಲ್ಲಿ ಸಾಲುಸಾಲಾಗಿ ಅಚ್ಚಾಗಿತ್ತು. ಕೆಳಗೆ ಬರೆದವರ ಹೆಸರು ಓಪಲ್. ಅದರ ಕೆಳಗೆ, ‘ಯಾರಿಗೆ ಬೇಕೋ ಬಳಸಿಕೊಳ್ಳಿ.’ ಡ್ವೇನ್ ಬಾಯಿ ತೆರೆಯುವ ಮುಂಚೆ ಅಜ್ಜಿಯೇ ಹೇಳಿದಳು: “ಮೊದ್ಲು ಧೂಳು ಒರೆಸೋ, ಜಡ್ಜು ಸೀನ್ತಾರೆ.”