ಬಡಗಲಹಟ್ಟಿಗೆ ಬಳೆ ತಂದ ಮುನ್ನೀಬಿ

ನಮ್ಮದೂ ಒಂದು ಊರು ಅನ್ನಬೇಕು! ಹಿಂದೆ ಕಾಕನಕೋಟೆ ಕಾಡು, ಮುಂದೆ ಕೆರೆ. ಗಾಡಿ ಆಚೆ ದಡಕ್ಕೇ ನಿಂತುಬಿಡೋದು. ಈ ಬಡಗಲ ದಡಕ್ಕೆ ಹರಿಗೋಲೇ ಗತಿ. ಹೊರಗಿನ ಸುದ್ದಿಯನ್ನೆಲ್ಲ ತರೋಳು ಹುಣಸೂರಿನ ಬಳೆಗಾರ್ತಿ ಮುನ್ನೀಬಿ. ಅವಳು ಹೇಳಿದ್ದು ಸುಳ್ಳಾಗಿದ್ದನ್ನ ನಾನಂತೂ ಕಾಣೆ. ಅದಕ್ಕೇ ನಮ್ಮ ಹೆಂಗಸರು ಅವಳಿಗೆ ಕೈ ಕೊಟ್ಟು ಕೂತರೆ ಮನಸ್ಸೂ ಬಿಚ್ಚೋರು.

ಯುದ್ಧ ನಡೀತಿದ್ದ ವರ್ಷ. ನಮ್ಮ ಪಕ್ಕದ ಮನೆ ಪುಟ್ಟಸಿದ್ದಮ್ಮ ಮಗಳ ಮದುವೆ ಇಟ್ಟುಕೊಂಡಿದ್ದಳು. ಮಗ ಕಂಠಪ್ಪ ಕೆರೆಯಾಚೆ ದೂರದ ಕಾಡಿಗೆ ಮರ ಕಡಿಯೋಕೆ ಹೋದವನು ಬಂದಿರಲಿಲ್ಲ. ಅವನ ಹೆಂಡತಿ ದೇವೀರಿ ದಿನಾ ದಡದಲ್ಲೇ ನಿಂತಿರೋಳು. ಸರಿಯಾಗಿ ಊಟ ಇಲ್ಲ, ಮದುವೆಗೆ ಬಳೆನೂ ಬೇಡ ಅಂದಳು.

ಮದುವೆ ಬಳೆ ತೊಡಿಸೋಕೆ ಬಂದ ಮುನ್ನೀಬಿಯನ್ನ ಪುಟ್ಟಸಿದ್ದಮ್ಮ ಹಿತ್ತಲಿಗೆ ಕರೆದಳು. ನಾನು ಅಲ್ಲೇ ಹಪ್ಪಳ ಹರವುತ್ತಿದ್ದೆ. "ಕಂಠ ಚೆನ್ನಾಗವ್ನೆ ಕಣಕ್ಕಾ, ಏಳಿ ಕಳ್ಸವ್ನೆ. ನಾ ಏಳಿದ್ರೆ ದೇವೀರಿ ನಂಬಾಕಿಲ್ಲ. ದಾರೀಲಿ ಸಿಕ್ಕಿದ್ದ, ಅಸ್ರು ಬಳೆ ತೊಡ್ಸು ಅಂದ ಅಂತ ನೀನೇ ಒಂದ್ ಮಾತು ಏಳು" ಅಂದಳು. ಎಷ್ಟೋ ವರ್ಷದ ಗೆಳತಿ. ಮುನ್ನೀಬಿ ನಂಬಿದಳು, ಹೇಳಿದಳು. ದೇವೀರಿ ಎರಡು ಕೈ ತುಂಬ ಬಳೆ ತೊಟ್ಟು, ನಗ್ತಾ ನಗ್ತಾ ಹಸೆ ಬರೆದಳು.

ಮದುವೆ ಮುಗಿದು ದಿಬ್ಬಣ ನೀರು ದಾಟಿತು. ಪುಟ್ಟಸಿದ್ದಮ್ಮ ಅಂಗಳದಲ್ಲಿ ಬಿದ್ದು ಬೋರಾಡಿ ಅತ್ತಳು. ಮದುವೆಗೆ ಮುಂಚೆಯೇ ಮರ ಬಿದ್ದು ಕಂಠಪ್ಪ ಸತ್ತಿದ್ದನಂತೆ, ಕಾಡಲ್ಲೇ ಮಣ್ಣು ಮಾಡಿದ್ದರಂತೆ. ಸೂತಕ ಅಂದರೆ ಲಗ್ನ ನಿಲ್ಲುತ್ತೆ ಅಂತ ಸುದ್ದೀನ ನುಂಗಿಕೊಂಡಿದ್ದಳಂತೆ. ಹೆತ್ತ ಕರುಳು, ಆಯ್ತು. ಆದರೂ ಅಂಥಾ ದ್ರೋಹಾನ ನಾ ಕಂಡಿಲ್ಲ.

"ನನ್ ಬಾಯೇ ಬೇಕಾಗಿತ್ತೇನೇ ನಿಂಗೆ?" ಅಂತ ಮದುವೆಗೆ ಉಳಿದಿದ್ದ ಮುನ್ನೀಬಿ ಹೆಗಲ ಮೇಲಿನ ಬಳೆ ಮಲಾರ ಕೆಳಗೆ ಬಿಸಾಕಿದಳು.

"ನಿನ್ ಮಾತಾದ್ರೆ ನಂಬ್ತಾಳೆ ಅಂತ ಕಣಕ್ಕಾ."

ಬಳೆ ತೆಗೆಯೋಕೆ ಊರಿನ ಅಜ್ಜಿಯರು ಬಂದರೆ ದೇವೀರಿ ಕೈ ಕೊಡಲೇ ಇಲ್ಲ. "ಥೂ, ಏನಂತ ಅಪಶಕುನ ನುಡೀತೀರಿ? ಮುನ್ನೀಬವ್ವ ಕಣ್ಣಾರೆ ನೋಡವ್ರೆ" ಅಂತ ರೇಗಿದಳು. ಮುನ್ನೀಬಿಯ ಸೆರಗು ಹಿಡಿದುಕೊಂಡಳು. "ಅವ್ವಾ, ಎಲ್ಲಿ ಸಿಕ್ಕಿದ್ರು ಏಳಿ. ಅಲ್ಲಿಗೇ ಓಗಿ ಕರ್ಕೊಂಡ್ ಬತ್ತೀನಿ."

ಊರೆಲ್ಲ ನಿಂತು ನೋಡ್ತಿತ್ತು. "ನಾನು ನೋಡ್ಲಿಲ್ಲ ಮಗಾ" ಅಂದಳು ಮುನ್ನೀಬಿ.

ದೇವೀರಿಗೆ ಗಂಡ ಸತ್ತಿದ್ದು ಆಗ.